ನಿವೃತ್ತಿಯಾದ ಮೇಲೆ ಹೋಗಿ ಕೂರಲು ಒಂದು ಜಾಗ, ದಿನಕ್ಕೊಂದು ಲಯ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ನಿವೃತ್ತಳಾಗಿ ಆರು ವರ್ಷ ಆಯಿತು. ಈಚೆಗೆ ಕೆಲಸ ಬಿಟ್ಟವರು, ಇನ್ನೇನು ಬಿಡಲಿರುವವರು ನನ್ನನ್ನು ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು. ದುಡ್ಡಿನ ಲೆಕ್ಕ ಎಲ್ಲರೂ ಹಾಕಿಟ್ಟುಕೊಂಡಿರುತ್ತಾರೆ. ಬೆಳಿಗ್ಗೆ ಹತ್ತು ಗಂಟೆಗೆ ಎಲ್ಲಿಗೆ ಹೋಗುವುದು ಅನ್ನುವ ಲೆಕ್ಕ ಯಾರೂ ಹಾಕಿರುವುದಿಲ್ಲ. ನಾನೂ ಹಾಕಿರಲಿಲ್ಲ. ಅದಕ್ಕೇ ಇದನ್ನು ಬರೆದಿದ್ದೇನೆ. ಪೂರ್ತಿ ಓದಲೇಬೇಕು ಅಂತಿಲ್ಲ, ನಿಮಗೆ ಬೇಕಾದ್ದನ್ನು ಮಾತ್ರ ಓದಿ.

ಮೊದಲ ಎರಡು ತಿಂಗಳು ಎಷ್ಟು ಚೆನ್ನಾಗಿತ್ತು. ಈಗ ಯಾಕೆ ಹೀಗೆ ಮಂಕು ಕವಿದಿದೆ?

ನಿಮ್ಮಲ್ಲಿ ಏನೂ ತಪ್ಪಿಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಆಚ್ಲಿ 1970ರ ದಶಕದಲ್ಲೇ ನಿವೃತ್ತಿಯನ್ನು ಹಂತ ಹಂತವಾಗಿ ವಿವರಿಸಿದ್ದರು. ಮೊದಲು ಮದುವೆಯಾದ ಹೊಸತರಂಥ ಕಾಲ, ಎಲ್ಲವೂ ಚೆಂದ. ಆಮೇಲೆ ಆ ಹುರುಪು ಇಳಿಯುತ್ತದೆ, ಬೇಸರ ಶುರುವಾಗುತ್ತದೆ. ಅದಾದ ಮೇಲೆ ಹೊಸದಾಗಿ ದಾರಿ ಹುಡುಕಿಕೊಳ್ಳುವುದು, ಕೊನೆಗೆ ಒಂದು ನೆಲೆಗೆ ಬರುವುದು. ಎಲ್ಲರಿಗೂ ಇದೇ ಕ್ರಮದಲ್ಲಿ ಆಗುತ್ತದೆ ಅಂತೇನಿಲ್ಲ. ಕೆಲವರಿಗೆ ಬೇಸರ ಮೊದಲ ವಾರದಲ್ಲೇ ಬರುತ್ತದೆ, ಕೆಲವರಿಗೆ ಬರುವುದೇ ಇಲ್ಲ.

ನನಗೆ ಅದು ಗೊತ್ತಾದದ್ದು ಫೋನಿನಿಂದ. ಕೆಲಸದಲ್ಲಿದ್ದಾಗ ಮಧ್ಯಾಹ್ನಕ್ಕೇ ಬ್ಯಾಟರಿ ಖಾಲಿಯಾಗುತ್ತಿತ್ತು, ಮೇಜಿನ ಡ್ರಾಯರಿನಲ್ಲಿ ಯಾವಾಗಲೂ ಒಂದು ಚಾರ್ಜರ್ ಇಟ್ಟುಕೊಂಡಿರುತ್ತಿದ್ದೆ. ನಿವೃತ್ತಿಯಾದ ಮೂರನೇ ತಿಂಗಳು ಒಂದು ರಾತ್ರಿ ಫೋನನ್ನು ಚಾರ್ಜಿಗೆ ಹಾಕಲು ಹೋದೆ. ನೋಡಿದರೆ ಮೂರು ದಿನದಿಂದ ಹಾಕಿಯೇ ಇಲ್ಲ, ಆದರೂ ಇನ್ನೂ ಅರ್ಧ ಇದೆ. ಯಾರೂ ಕರೆದಿರಲಿಲ್ಲ, ನಾನೂ ಯಾರನ್ನೂ ಕರೆದಿರಲಿಲ್ಲ. ಅವತ್ತು ತುಂಬ ಹೊತ್ತು ಹಾಸಿಗೆಯ ಅಂಚಿನಲ್ಲೇ ಕೂತಿದ್ದೆ.

ಕೆಲಸ ನಮಗೆ ಸಂಬಳ ಮಾತ್ರ ಕೊಡುತ್ತಿರಲಿಲ್ಲ. ಎದ್ದು ಹೋಗಲು ಒಂದು ಜಾಗ ಕೊಡುತ್ತಿತ್ತು, ಹೋಗಲು ಒಂದು ಹೊತ್ತು ಕೊಡುತ್ತಿತ್ತು, ಅಲ್ಲಿ ನಾವು ಕರೆಯದೆಯೇ ಸಿಗುವ ಜನರನ್ನು ಕೊಡುತ್ತಿತ್ತು. ಮೂರೂ ಒಂದೇ ದಿನ ಹೋಗಿಬಿಟ್ಟರೆ ಮಂಕಾಗದೆ ಇನ್ನೇನಾಗುತ್ತದೆ?

ಹಾಗಾದರೆ ಮೊದಲು ಸ್ನೇಹಿತರನ್ನು ಹುಡುಕಬೇಕಾ?

ಬೇಡ. ಇಲ್ಲೇ ಬಹಳ ಜನ ಎಡವುವುದು. ಜನರನ್ನು ಹುಡುಕಲು ಹೋಗಬೇಡಿ, ಒಂದು ಜಾಗ ಮತ್ತು ಒಂದು ಹೊತ್ತನ್ನು ಹಿಡಿಯಿರಿ. ಅಲ್ಲಿಗೆ ಬಿಡದೆ ಹೋಗಿ. ಈ ವಯಸ್ಸಿನಲ್ಲಿ "ಬನ್ನಿ, ಸ್ನೇಹಿತರಾಗೋಣ" ಅಂತ ಯಾರನ್ನೂ ಕೇಳಲು ಆಗುವುದಿಲ್ಲ, ಕೇಳಿದರೂ ಎದುರಿನವರಿಗೆ ಮುಜುಗರ. ಆದರೆ ಮಂಗಳವಾರ, ಗುರುವಾರ ಅದೇ ಹೊತ್ತಿಗೆ ಅದೇ ಜಾಗದಲ್ಲಿ ಕಾಣಿಸುವವರ ಜೊತೆ ಮಾತು ತಾನಾಗಿಯೇ ಹುಟ್ಟುತ್ತದೆ.

ಎಂಥ ಜಾಗ ಒಳ್ಳೆಯದು?

ರೇ ಓಲ್ಡನ್‌ಬರ್ಗ್ ಅನ್ನುವ ಸಮಾಜಶಾಸ್ತ್ರಜ್ಞರು ಇಂಥ ಜಾಗಗಳಿಗೆ 'ಮೂರನೇ ಜಾಗ' ಅಂತ ಹೆಸರಿಟ್ಟರು. ಮನೆ ಮೊದಲನೆಯದು, ಕೆಲಸ ಎರಡನೆಯದು. ಇವೆರಡೂ ಅಲ್ಲದ, ಯಾರು ಬೇಕಾದರೂ ಬಂದು ಕೂರಬಹುದಾದ, ಮಾತೇ ಮುಖ್ಯವಾದ ಜಾಗ ಮೂರನೆಯದು. ಅಲ್ಲಿ ನೀವು ಮೊದಲು ಯಾವ ಹುದ್ದೆಯಲ್ಲಿದ್ದಿರಿ ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ. ಕಾಯಂ ಆಗಿ ಬರುವ ನಾಲ್ಕಾರು ಮುಖಗಳಿರುತ್ತವೆ. ಜಾಗ ಸರಳವಾಗಿರುತ್ತದೆ, ಬಟ್ಟೆ ಬದಲಾಯಿಸಿ ಸಿದ್ಧರಾಗಿ ಹೋಗಬೇಕಾದಂಥದ್ದಲ್ಲ. ನಿವೃತ್ತರಿಗೆ ಎರಡನೆಯದು ಹೋಗಿಬಿಟ್ಟಿರುತ್ತದೆ, ಹಾಗಾಗಿ ಈ ಮೂರನೆಯದರ ಮೇಲೆ ಭಾರ ಜಾಸ್ತಿ ಬೀಳುತ್ತದೆ.

ಪಾರ್ಕ್, ಲೈಬ್ರರಿ, ಈಜುಕೊಳ, ಸಮುದಾಯ ಭವನ, ಪ್ರಾರ್ಥನೆಯ ಸ್ಥಳ, ಹಾಡಿನ ಗುಂಪು, ಗಿಡ ಬೆಳೆಸುವವರ ಗುಂಪು, ಚೆಸ್ ಆಡುವವರ ಮೇಜು, ಯಾವುದಾದರೂ ಸರಿ. ನಾನು ನೋಡುವುದು ಬೇರೆ ವಿಷಯಗಳನ್ನು. ನಡೆದು ಹೋಗಬಹುದಾ? ಹೋಗಲು ಮುಕ್ಕಾಲು ಗಂಟೆ ಬೇಕಾದರೆ ಎರಡು ವಾರದಲ್ಲಿ ಬಿಟ್ಟುಬಿಡುತ್ತೀರಿ, ಇದರಲ್ಲಿ ನನಗೆ ಅನುಮಾನವೇ ಇಲ್ಲ. ಬೆನ್ನಿಗೆ ಒರಗು ಇರುವ ಕುರ್ಚಿ ಅಥವಾ ಬೆಂಚು ಇದೆಯಾ? ಶೌಚಾಲಯ ಇದೆಯಾ? ಇದನ್ನು ಕೇಳಲು ಸಂಕೋಚ ಬೇಡ, ಅರವತ್ತು ದಾಟಿದವರಿಗೆ ಇದು ದೊಡ್ಡ ವಿಷಯ, ಎಷ್ಟೋ ಜನ ಇದೊಂದೇ ಕಾರಣಕ್ಕೆ ಮನೆಯಲ್ಲೇ ಉಳಿಯುತ್ತಾರೆ. ಒಂದು ಗಂಟೆ ಸುಮ್ನೆ ಕೂತರೆ ಯಾರಾದರೂ ಎಬ್ಬಿಸುತ್ತಾರಾ? ಮಳೆ ಬಂದರೆ ಏನು ಗತಿ? ಹೊರಗಿನ ಜಾಗ ಆರಿಸಿಕೊಂಡರೆ ಮಳೆಗಾಲಕ್ಕೆ ಒಳಗಿನದೊಂದನ್ನು ಜೊತೆಗೆ ಇಟ್ಟುಕೊಳ್ಳಿ. ಇಲ್ಲದಿದ್ದರೆ ಎರಡು ತಿಂಗಳ ಮಳೆಯಲ್ಲಿ ಅಭ್ಯಾಸವೇ ತಪ್ಪಿಹೋಗುತ್ತದೆ.

ಹೋದೆ. ನಾಲ್ಕು ದಿನ ಹೋದೆ. ಯಾರೂ ಮಾತಾಡಿಸಲಿಲ್ಲ. ಏನು ಮಾಡಲಿ?

ಐದನೇ ದಿನವೂ ಹೋಗಿ.

1992ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಮೋರ್ಲ್ಯಾಂಡ್ ಮತ್ತು ಬೀಚ್ ಅನ್ನುವ ಇಬ್ಬರು ಸಂಶೋಧಕರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ನಾಲ್ಕು ಹೆಂಗಸರನ್ನು ಆರಿಸಿ, ಅವರಲ್ಲಿ ಮೂವರನ್ನು ಒಂದು ತರಗತಿಗೆ ವಿದ್ಯಾರ್ಥಿಗಳಂತೆ ಕಳಿಸಿದರು. ಒಬ್ಬರು ಒಮ್ಮೆಯೂ ಹೋಗಲಿಲ್ಲ, ಒಬ್ಬರು 5 ಸಲ, ಒಬ್ಬರು 10 ಸಲ, ಒಬ್ಬರು 15 ಸಲ ಹೋದರು. ಹೋದವರು ಯಾರ ಜೊತೆಯೂ ಮಾತಾಡಲಿಲ್ಲ, ಬಂದು ಕೂತು ಎದ್ದು ಹೋದರು ಅಷ್ಟೇ. ಕೊನೆಯಲ್ಲಿ ವಿದ್ಯಾರ್ಥಿಗಳಿಗೆ ನಾಲ್ವರ ಫೋಟೊ ತೋರಿಸಿದಾಗ, ಹೆಚ್ಚು ಸಲ ಬಂದವರೇ ಹೆಚ್ಚು ಇಷ್ಟವಾದರು. ಒಂದು ಮಾತೂ ಆಡದೆ! ನೀವು ಆ ನಾಲ್ಕು ದಿನ ಸುಮ್ಮನೆ ಕೂತು ಬಂದದ್ದು ದಂಡವಾಗಿಲ್ಲ. ನಿಮ್ಮ ಮುಖ ಅವರಿಗೆ ಪರಿಚಯವಾಗುತ್ತಿದೆ.

ನನ್ನದೇ ಹೇಳುತ್ತೇನೆ. ನಾನು ಹಿಡಿದದ್ದು ಪಾರ್ಕಿನ ಒಂದು ಬೆಂಚು, ಸಂಜೆ ಐದೂವರೆಗೆ. ಅದರ ಇನ್ನೊಂದು ತುದಿಯಲ್ಲಿ ನನಗಿಂತ ಹತ್ತು ವರ್ಷ ದೊಡ್ಡವರೊಬ್ಬರು ಕೂರುತ್ತಿದ್ದರು. ಮೊದಲ ವಾರ ನಾನು ನೋಡಿದರೆ ಅವರು ಎತ್ತಲೋ ನೋಡುತ್ತಿದ್ದರು, ಅವರು ನೋಡಿದಾಗ ನಾನು ಫೋನು ತೆಗೆಯುತ್ತಿದ್ದೆ. ಹತ್ತು ಹನ್ನೊಂದನೇ ದಿನ ಇರಬೇಕು, ಮಧ್ಯಾಹ್ನ ಮಳೆ ಬಂದು ಬೆಂಚೆಲ್ಲ ಒದ್ದೆಯಾಗಿತ್ತು. ನಾನು ಹೋಗುವ ಹೊತ್ತಿಗೆ ಅವರು ಚೀಲದಿಂದ ಒಂದು ಹಳೇ ಬಟ್ಟೆ ತೆಗೆದು ತಮ್ಮ ಕಡೆ ಒರೆಸಿಕೊಳ್ಳುತ್ತಿದ್ದರು. ನಾನು ದೂರದಲ್ಲಿ ಬರುತ್ತಿರುವುದನ್ನು ನೋಡಿ, ಬಟ್ಟೆ ಹಿಂಡಿ, ನನ್ನ ಕಡೆಯನ್ನೂ ಒರೆಸಿದರು. "ಕೂತ್ಕೊಳ್ಳಿ" ಅಂದರು. ಅವತ್ತು ಅಷ್ಟೇ ಮಾತು. ಈಗ ಆರು ವರ್ಷದಿಂದ ನಾವಿಬ್ಬರೂ ಅಲ್ಲೇ ಕೂರುತ್ತೇವೆ. ನಾನು ಎರಡು ದಿನ ಬರದಿದ್ದರೆ ಅವರ ಫೋನ್ ಬರುತ್ತದೆ.

ಎಷ್ಟು ದಿನ ಅಂತ ಹೋಗುವುದು? ಒಂದು ಲೆಕ್ಕ ಬೇಡವಾ?

ಇದೆ. ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬರೀ ಪರಿಚಯ ಇದ್ದವರು ಸಾಧಾರಣ ಗೆಳೆಯರಾಗಲು ಸುಮಾರು 50 ಗಂಟೆ ಒಟ್ಟಿಗೆ ಕಳೆಯಬೇಕು. ಸ್ನೇಹಿತರು ಅನ್ನಿಸಿಕೊಳ್ಳಲು 90 ಗಂಟೆ, ಆಪ್ತರಾಗಲು 200 ಗಂಟೆಗಿಂತ ಹೆಚ್ಚು. ವಾರಕ್ಕೆ ಮೂರು ದಿನ, ದಿನಕ್ಕೆ ಒಂದು ಗಂಟೆ ಅಂತ ಇಟ್ಟುಕೊಂಡರೆ 50 ಗಂಟೆಗೆ ನಾಲ್ಕು ತಿಂಗಳು ಬೇಕು. ಎರಡೇ ವಾರಕ್ಕೆ "ಇಲ್ಲಿ ನನಗೆ ಯಾರೂ ಸಿಗಲಿಲ್ಲ" ಅಂತ ಬಿಟ್ಟುಬಂದವರು ಆರು ಗಂಟೆಗೇ ಬಿಟ್ಟುಬಂದ ಹಾಗಾಯಿತು, ಅಲ್ವಾ?

ಹೋಗುವ ಅಭ್ಯಾಸ ಕೂರಲಿಕ್ಕೂ ಸಮಯ ಬೇಕು. ಲಂಡನ್ನಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಅವರ ಜೊತೆಗಾರರು 96 ಜನರನ್ನು ಇಟ್ಟುಕೊಂಡು ನೋಡಿದಾಗ, ಹೊಸ ಅಭ್ಯಾಸವೊಂದು ತಾನಾಗಿ ನಡೆಯುವಷ್ಟು ರೂಢಿಯಾಗಲು ಸರಾಸರಿ 66 ದಿನ ಹಿಡಿಯಿತು. ಕೆಲವರಿಗೆ 18 ದಿನ ಸಾಕಾಯಿತು, ಕೆಲವರಿಗೆ 254 ದಿನ ಬೇಕು ಅನ್ನುವಂತಿತ್ತು. ನನಗೆ ಅದರಲ್ಲಿ ಹಿಡಿಸಿದ ಮಾತು ಇನ್ನೊಂದು. ನಡುವೆ ಒಂದು ದಿನ ತಪ್ಪಿದರೆ ಏನೂ ಹಾಳಾಗುವುದಿಲ್ಲ. ಹಾಗಾಗಿ ಒಂದು ದಿನ ಹೋಗಲಾಗದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಮಾರನೇ ದಿನ ಹೋಗಿ.

ಜೀವನವಿಡೀ ಗಡಿಯಾರ ನೋಡಿ ಓಡಿದ್ದಾಯಿತು. ಮತ್ತೆ ವೇಳಾಪಟ್ಟಿ ಹಾಕಿಕೊಳ್ಳಬೇಕಾ?

ವೇಳಾಪಟ್ಟಿ ಬೇಡ. ದಿನಕ್ಕೆ ಎರಡು ಗೂಟ ಸಾಕು. ಬೆಳಿಗ್ಗೆ ಒಂದು, ಸಂಜೆ ಒಂದು. ಬೆಳಗಿನದು ದೇಹಕ್ಕೆ: ಏಳುವುದು, ಹೊರಗೆ ಬೆಳಕಿಗೆ ಹೋಗುವುದು, ನಡೆಯುವುದು. ಸಂಜೆಯದು ಜನಕ್ಕೆ. ನಡುವಿನ ಹೊತ್ತು ನಿಮ್ಮದು, ಓದಿ, ಮಲಗಿ, ಗಿಡಕ್ಕೆ ನೀರು ಹಾಕಿ, ಏನೂ ಮಾಡದೆ ಇರಿ. ನಾನು ಮೊದಲು ಗಂಟೆ ಗಂಟೆಗೂ ಏನು ಮಾಡಬೇಕು ಅಂತ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದ್ದೆ, ಒಂಬತ್ತೇ ದಿನಕ್ಕೆ ಕಿತ್ತು ಹಾಕಿದೆ. ಆ ಹಾಳೆ ನೋಡಿದಾಗಲೆಲ್ಲ ಏನೋ ಬಾಕಿ ಉಳಿಸಿಕೊಂಡಿದ್ದೇನೆ ಅನ್ನಿಸುತ್ತಿತ್ತು.

ವಾರಕ್ಕೂ ಒಂದು ಗೂಟ ಇರಲಿ. ಯಾವುದೋ ಒಂದು ದಿನ ಉಳಿದ ದಿನಗಳಿಗಿಂತ ಬೇರೆಯಾಗಿರಬೇಕು. ಇಲ್ಲದಿದ್ದರೆ ಇವತ್ತು ಬುಧವಾರವೋ ಶುಕ್ರವಾರವೋ ಗೊತ್ತಾಗದೆ ಹೋಗುತ್ತದೆ, ಅದು ನಿಜಕ್ಕೂ ಹಿಂಸೆ.

ನಡಿಗೆ ಎಷ್ಟು ಅಂತಲೂ ಕೇಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷ, ಸ್ವಲ್ಪ ಬಿರುಸಾಗಿ. 65 ದಾಟಿದವರು ಬೀಳದಂತೆ ಸಮತೋಲನ ಮತ್ತು ಸ್ನಾಯುಬಲಕ್ಕಾಗಿ ವಾರದಲ್ಲಿ ಮೂರು ದಿನವಾದರೂ ಬೇರೆ ವ್ಯಾಯಾಮವನ್ನೂ ಮಾಡಬೇಕು. ನಿಮ್ಮ ಜಾಗಕ್ಕೆ ಹೋಗಿ ಬರಲು ಹದಿನೈದು ಹದಿನೈದು ನಿಮಿಷ ನಡೆದರೆ, ವಾರಕ್ಕೆ ಐದು ದಿನಕ್ಕೆ 150 ನಿಮಿಷ ಅಲ್ಲೇ ಆಯಿತು.

ಬೆಳಿಗ್ಗೆ ನಾಲ್ಕಕ್ಕೇ ಎಚ್ಚರವಾಗುತ್ತದೆ. ದಿನ ಬಹಳ ಉದ್ದ ಅನ್ನಿಸುತ್ತದೆ.

ವಯಸ್ಸಾದಂತೆ ದೇಹದ ಗಡಿಯಾರ ಮುಂದಕ್ಕೆ ಸರಿಯುತ್ತದೆ. ಬೇಗ ನಿದ್ದೆ, ಬೇಗ ಎಚ್ಚರ. ಈ ಗಡಿಯಾರಕ್ಕೆ ಕೀಲಿ ಕೊಡುವುದು ಬೆಳಕು. ಬೆಳಗಿನ ಬೆಳಕು ಅದನ್ನು ಇನ್ನೂ ಮುಂದಕ್ಕೆ ತಳ್ಳುತ್ತದೆ, ಸಂಜೆಯ ಬೆಳಕು ಹಿಂದಕ್ಕೆ ಎಳೆಯುತ್ತದೆ. ಹಾಗಾಗಿ ತೀರಾ ಬೇಗ ಎಚ್ಚರವಾಗುವವರು ಸಂಜೆ ಬೆಳಕಿರುವಾಗ ಹೊರಗೆ ಇರುವುದು ಒಳ್ಳೆಯದು, ಏಳು ಗಂಟೆಗೇ ಟಿವಿ ಮುಂದೆ ತೂಕಡಿಸಬೇಡಿ. ತಡವಾಗಿ ಏಳುವವರಿಗೆ, ರಾತ್ರಿ ನಿದ್ದೆ ಹತ್ತದವರಿಗೆ ಇದರ ಉಲ್ಟಾ. ಹಗಲು ಮಲಗಬೇಕು ಅನ್ನಿಸಿದರೆ ಅರ್ಧ ಗಂಟೆಯೊಳಗೆ ಏಳಿ, ಅದೂ ಮಧ್ಯಾಹ್ನ ಮೂರರೊಳಗೆ. ಎಚ್ಚರದ ಜೊತೆಗೆ ಯಾವಾಗಲೂ ದುಃಖ, ಯಾವುದರಲ್ಲೂ ಮನಸ್ಸಿಲ್ಲದಿರುವುದು ಸೇರಿಕೊಂಡು ಎರಡು ವಾರ ಮೀರಿದರೆ ವೈದ್ಯರಿಗೆ ಹೇಳಿ. ಅದು ಬರೀ ನಿವೃತ್ತಿಯ ಬೇಸರ ಆಗಿರಲಿಕ್ಕಿಲ್ಲ.

ನಾನು ಮಾತುಗಾರನಲ್ಲ. ಹರಟೆ ನನಗೆ ಬರುವುದಿಲ್ಲ.

ಹಾಗಾದರೆ ಕೈಗೆ ಕೆಲಸ ಇರುವ ಜಾಗ ನೋಡಿ. ಆಸ್ಟ್ರೇಲಿಯಾದಲ್ಲಿ 1990ರ ದಶಕದಲ್ಲಿ ಶುರುವಾದ 'ಮೆನ್ಸ್ ಶೆಡ್' ಇದಕ್ಕೆ ಒಳ್ಳೆಯ ಉದಾಹರಣೆ. ಮರಗೆಲಸದ ಮೇಜು, ಗರಗಸ, ಸುತ್ತಿಗೆ, ರಿಪೇರಿಗೆ ಬಂದ ಹಳೇ ಸಾಮಾನು. ಮುಖಕ್ಕೆ ಮುಖ ಕೊಟ್ಟು ಮಾತಾಡಲು ಹಿಂಜರಿಯುವ ಗಂಡಸರು ಹೆಗಲಿಗೆ ಹೆಗಲು ಕೊಟ್ಟು ಕೆಲಸ ಮಾಡುವಾಗ ಮಾತಾಡುತ್ತಾರೆ ಅನ್ನುವುದು ಅದರ ಹಿಂದಿನ ಯೋಚನೆ. ಅಲ್ಲಿಂದ ಅದು ಬೇರೆ ದೇಶಗಳಿಗೂ ಹಬ್ಬಿತು. ಕಲಿಯುವ ಆಸೆ ಇದ್ದವರಿಗೆ ಇನ್ನೊಂದು ದಾರಿ 'ಮೂರನೇ ವಯಸ್ಸಿನ ವಿಶ್ವವಿದ್ಯಾಲಯ', ಅದು 1973ರಲ್ಲಿ ಫ್ರಾನ್ಸಿನ ಟುಲೂಸ್‌ನಲ್ಲಿ ಹುಟ್ಟಿದ್ದು. ಆಮೇಲೆ ಬ್ರಿಟನ್ನಿನಲ್ಲಿ ಅದು ಬೇರೆ ರೂಪ ಪಡೆಯಿತು: ಅಲ್ಲಿ ಪರೀಕ್ಷೆಯಿಲ್ಲ, ಪದವಿಯಿಲ್ಲ, ನಿವೃತ್ತರೇ ನಿವೃತ್ತರಿಗೆ ಕಲಿಸುತ್ತಾರೆ.

ನೀವಿರುವಲ್ಲಿ ಇಂಥದ್ದು ಇಲ್ಲದಿದ್ದರೂ ಯೋಚನೆ ಎಲ್ಲಿಗಾದರೂ ಹೊಂದುತ್ತದೆ. ಲೈಬ್ರರಿಯಲ್ಲಿ ಪುಸ್ತಕ ಜೋಡಿಸಲು ಬರಲಾ ಅಂತ ಕೇಳಿ. ಹಾಡಿನ ಗುಂಪಿನಲ್ಲಿ ಕುರ್ಚಿ ಹಾಕಿ. ಒಂದು ಕೆಲಸ ನಿಮ್ಮ ಹೆಸರಿನಲ್ಲಿದ್ದರೆ ನೀವು ಬರದ ದಿನ ಜನಕ್ಕೆ ಗೊತ್ತಾಗುತ್ತದೆ.

ಗುಂಪು ಸಿಕ್ಕಿತು. ಆದರೆ ಬರೀ ಕಾಯಿಲೆ, ರಾಜಕೀಯ, ಪಕ್ಕದವರ ಸುದ್ದಿ.

ಒಂದು ತಿಂಗಳು ನೋಡಿ. ಮನೆಗೆ ಬರುವಾಗ ಹೋಗುವಾಗ ಇದ್ದದ್ದಕ್ಕಿಂತ ಮನಸ್ಸು ಭಾರವಾಗಿದ್ದರೆ ಬಿಟ್ಟುಬಿಡಿ, ಯಾರಿಗೂ ಕಾರಣ ಹೇಳಬೇಕಾಗಿಲ್ಲ. ಆದರೆ ಕಾಯಿಲೆಯ ಮಾತಿಗೆ ತೀರಾ ಬೇಸರಪಡಬೇಡಿ. ಎಷ್ಟೋ ಜನಕ್ಕೆ ಮನೆಯಲ್ಲಿ ಅದನ್ನು ಕೇಳುವವರು ಇರುವುದಿಲ್ಲ.

ಹಳೇ ಸಹೋದ್ಯೋಗಿಗಳು ಈಗ ಫೋನೇ ಮಾಡುವುದಿಲ್ಲ. ಅಷ್ಟು ವರ್ಷದ ಸ್ನೇಹ ಸುಳ್ಳಾ?

ಸುಳ್ಳಲ್ಲ. ಅದು ಆ ಜಾಗಕ್ಕೆ, ಆ ಹೊತ್ತಿಗೆ ಅಂಟಿಕೊಂಡಿದ್ದ ಸ್ನೇಹ. ದಿನಾ ಸಿಗುತ್ತಿದ್ದರಿಂದ ಯಾರೂ ಯಾರನ್ನೂ ಕರೆಯಬೇಕಾಗಿರಲಿಲ್ಲ, ಆ ಅಭ್ಯಾಸವೇ ಇಲ್ಲ. ಮೂವತ್ತು ಜನರನ್ನು ಉಳಿಸಿಕೊಳ್ಳಲು ಹೋಗಬೇಡಿ. ಇಬ್ಬರನ್ನು ಆರಿಸಿ, ತಿಂಗಳಿಗೆ ಒಂದು ನಿಗದಿಯಾದ ದಿನ ಇಟ್ಟುಕೊಳ್ಳಿ. "ಯಾವಾಗಾದರೂ ಸಿಗೋಣ" ಅಂದರೆ ಯಾವಾಗಲೂ ಸಿಗುವುದಿಲ್ಲ. "ಮೊದಲ ಶನಿವಾರ ನಾಲ್ಕಕ್ಕೆ" ಅಂದರೆ ಸಿಗುತ್ತೀರಿ.

ವಾಟ್ಸಾಪ್ ಗುಂಪುಗಳಿವೆ. ಸಾಕಲ್ವಾ?

ಭೇಟಿಯನ್ನು ಗೊತ್ತುಮಾಡಲು ಬಹಳ ಒಳ್ಳೆಯದು. ಭೇಟಿಯ ಬದಲಿಗೆ ಸಾಲದು.

ಮನೆಯಲ್ಲೇ ಇದ್ದರೆ ಇಬ್ಬರಿಗೂ ಜಗಳ. ಇದು ನಮ್ಮಲ್ಲಿ ಮಾತ್ರವಾ?

ಅಲ್ಲ. ನಮ್ಮ ಮನೆಯವರು ನನಗಿಂತ ಮೂರು ವರ್ಷ ಮೊದಲು ನಿವೃತ್ತರಾದರು. ಆ ಮೂರು ವರ್ಷದಲ್ಲಿ ಮನೆಗೆ ಅವರದೇ ಒಂದು ಕ್ರಮ ಬಂದಿತ್ತು. ಕಿಟಕಿ ಯಾವಾಗ ತೆಗೆಯುವುದು, ರೇಡಿಯೊ ಯಾವಾಗ ಹಾಕುವುದು, ಎಲ್ಲ ಅವರ ಲೆಕ್ಕದಲ್ಲಿ. ನಾನು ಬಂದು ಮೊದಲ ವಾರವೇ ರೇಡಿಯೊ ಆರಿಸಿದೆ. ಅವರು ಏನೂ ಹೇಳಲಿಲ್ಲ, ಎದ್ದು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತರು. ನನಗೆ ಆಗ ಕೋಪ ಬಂತು, ಈಗ ನೆನೆಸಿಕೊಂಡರೆ ಅಯ್ಯೋ ಅನ್ನಿಸುತ್ತದೆ. ಅವರ ಮೂರು ವರ್ಷದ ಬೆಳಗನ್ನು ನಾನು ಕೇಳದೇ ಆರಿಸಿದ್ದೆ.

ನಾವು ಕಂಡುಕೊಂಡದ್ದು ಇಷ್ಟು. ಇಬ್ಬರ ಜಾಗಗಳೂ ಬೇರೆ ಬೇರೆ ಇರಲಿ. ಹೊತ್ತೂ ಬೇರೆ ಇರಲಿ. ದಿನದಲ್ಲಿ ಎರಡು ಗಂಟೆಯಾದರೂ ಮನೆ ಒಬ್ಬರಿಗೇ ಸಿಗಬೇಕು. ಆಗ ಸಂಜೆ ಬಂದು ಹೇಳಿಕೊಳ್ಳಲು ಇಬ್ಬರ ಹತ್ತಿರವೂ ಏನಾದರೂ ಇರುತ್ತದೆ.

ಸಂಗಾತಿ ತೀರಿಕೊಂಡಿದ್ದಾರೆ. ಒಬ್ಬರೇ ಹೋಗಲು ಕಾಲು ಏಳುವುದಿಲ್ಲ.

ಇಬ್ಬರೂ ಹೋಗುತ್ತಿದ್ದ ಜಾಗಕ್ಕೇ ಮೊದಲು ಹೋಗಬೇಕು ಅಂತೇನಿಲ್ಲ. ಅಲ್ಲಿ ಎಲ್ಲರೂ ಅವರ ಬಗ್ಗೆ ಕೇಳುತ್ತಾರೆ, ಕೆಲವರಿಗೆ ಅದು ಸಮಾಧಾನ, ಕೆಲವರಿಗೆ ಸಹಿಸಲಾಗುವುದಿಲ್ಲ. ಯಾವುದಾದರೂ ಸರಿಯೇ. ಮೊದಲ ಕೆಲವು ಸಲ ಯಾರಾದರೂ ಬಾಗಿಲವರೆಗೆ ಜೊತೆಗೆ ಬರಲಿ. ಹತ್ತೇ ನಿಮಿಷ ಕೂತು ಎದ್ದು ಬನ್ನಿ, ಮುಂದಿನ ಸಲ ಹದಿನೈದು. ಸಂಜೆ ಐದರಿಂದ ಏಳು ಬಹಳ ಜನಕ್ಕೆ ಕಷ್ಟದ ಹೊತ್ತು, ಮನೆಗೆ ಯಾರೋ ಬರಬೇಕಾದ ಹೊತ್ತು ಅದು. ಗೂಟ ಅಲ್ಲೇ ಹೊಡೆಯಿರಿ.

ಕಿವಿ ಮಂದ. ಗುಂಪಿನಲ್ಲಿ ಅರ್ಧ ಮಾತು ಕೇಳಿಸುವುದೇ ಇಲ್ಲ, ಸುಮ್ನೆ ನಕ್ಕು ಬರುತ್ತೇನೆ.

ಇದನ್ನು ದಯವಿಟ್ಟು ಮುಂದೂಡಬೇಡಿ, ಕಿವಿ ಪರೀಕ್ಷೆ ಮಾಡಿಸಿ. ಜನ ಗುಂಪು ಬಿಡಲು ಇದು ದೊಡ್ಡ ಕಾರಣ, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ ಆಯೋಗ 2024ರಲ್ಲಿ ಪಟ್ಟಿ ಮಾಡಿದ ಮರೆವಿನ ಕಾಯಿಲೆಯ 14 ಅಪಾಯಗಳಲ್ಲಿ ಕಿವುಡುತನವೂ ಇದೆ, ಒಂಟಿತನದ ಬದುಕೂ ಇದೆ. ಒಂದು ಇನ್ನೊಂದನ್ನು ಎಳೆದು ತರುತ್ತದೆ. ಕಿವಿಯ ಯಂತ್ರ ಹಾಕಿಸಿಕೊಂಡರೂ ಗದ್ದಲದಲ್ಲಿ ಕಷ್ಟವೇ. ಅದಕ್ಕೆ ಗೋಡೆಗೆ ಬೆನ್ನು ಕೊಟ್ಟು ಕೂರಿ, ಚೆನ್ನಾಗಿ ಕೇಳುವ ಕಿವಿ ಜನರ ಕಡೆ ಇರಲಿ, ನಾಲ್ಕು ಜನಕ್ಕಿಂತ ದೊಡ್ಡ ಗುಂಪು ಬೇಡ. "ನನಗೆ ಈ ಕಡೆ ಕಿವಿ ಕೇಳಿಸಲ್ಲ" ಅಂತ ಮೊದಲ ದಿನವೇ ಹೇಳಿಬಿಡಿ. ಹೇಳದಿದ್ದರೆ ಗರ್ವ ಅಂದುಕೊಳ್ಳುತ್ತಾರೆ.

ಮಂಡಿ ನೋವು. ಹೊರಗೆ ಹೋಗಲು ಆಗುವುದೇ ಇಲ್ಲ.

ಆಗ ಜಾಗ ನಿಮ್ಮ ಮನೆಯೇ ಆಗಲಿ, ಹೊತ್ತನ್ನು ಮಾತ್ರ ಬಿಡಬೇಡಿ. ವಾರಕ್ಕೊಮ್ಮೆ ಒಂದೇ ಹೊತ್ತಿಗೆ ಇಬ್ಬರು ಮೂವರು ಬರಲಿ. ಉಳಿದ ದಿನ ನಿಗದಿಯಾದ ಹೊತ್ತಿಗೆ ಒಬ್ಬರಿಗೆ ಫೋನ್. ಬಾಗಿಲ ಬಳಿಯೋ ಕಿಟಕಿ ಬಳಿಯೋ, ಹೋಗಿ ಬರುವವರು ಕಾಣುವಂಥ ಕಡೆ ಕುರ್ಚಿ ಹಾಕಿಕೊಳ್ಳಿ. ಕೈ ಎತ್ತಿ ಮಾತಾಡಿಸುವವರು ಇಬ್ಬರಾದರೂ ಸಿಗುತ್ತಾರೆ.

ಇಷ್ಟೆಲ್ಲ ಬೇಕಾ? ಒಬ್ಬರೇ ಇದ್ದರೆ ನಿಜವಾಗಿ ಏನಾಗುತ್ತದೆ?

ಒಬ್ಬರೇ ಇರುವುದು ಬೇರೆ, ಒಂಟಿ ಅನ್ನಿಸುವುದು ಬೇರೆ. ಒಬ್ಬರೇ ನೆಮ್ಮದಿಯಾಗಿ ಇರುವವರನ್ನು ನಾನು ನೋಡಿದ್ದೇನೆ. ಆದರೆ ಅಮೆರಿಕದ ಸಂಶೋಧಕಿ ಜೂಲಿಯಾನ್ ಹೋಲ್ಟ್-ಲನ್‌ಸ್ಟಡ್ ಮತ್ತು ಜೊತೆಗಾರರು 2010ರಲ್ಲಿ 148 ಅಧ್ಯಯನಗಳನ್ನು, ಮೂರು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟಿಗೆ ಇಟ್ಟು ನೋಡಿದಾಗ, ಜನಸಂಪರ್ಕ ಗಟ್ಟಿಯಾಗಿದ್ದವರು ಬದುಕಿ ಉಳಿಯುವ ಸಾಧ್ಯತೆ ಉಳಿದವರಿಗಿಂತ 50% ಹೆಚ್ಚಿತ್ತು. ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿ ಪ್ರಕಾರ ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರಿಗೆ ಒಂಟಿತನ ಇದೆ. ಪಾರ್ಕಿನ ಬೆಂಚಿನಲ್ಲಿ ಸುಮ್ಮನೆ ಕೂತವರನ್ನು ನೋಡಿದಾಗ ನನಗೆ ಈ ಲೆಕ್ಕ ನೆನಪಾಗುತ್ತದೆ, ಈಗೀಗ ನಾನೇ ಮೊದಲು ಮಾತಾಡಿಸುತ್ತೇನೆ.

ನನಗೆ ಇನ್ನೂ ಒಂದು ವರ್ಷ ಸರ್ವಿಸ್ ಇದೆ. ಈಗಲೇ ಏನಾದರೂ ಮಾಡಬಹುದಾ?

ಖಂಡಿತ. ಒಂದು ಮಂಗಳವಾರ ರಜೆ ಹಾಕಿ. ಭಾನುವಾರ ಬೇಡ, ಭಾನುವಾರ ಎಲ್ಲ ಜಾಗವೂ ತುಂಬಿರುತ್ತದೆ, ನಿಮಗೆ ನಿಜ ಗೊತ್ತಾಗುವುದಿಲ್ಲ. ವಾರದ ನಡುವೆ, ಬೆಳಿಗ್ಗೆ ಹತ್ತಕ್ಕೆ ಮನೆಯಿಂದ ಹೊರಡಿ, ನಡೆದೇ ಹೋಗಿ. ಲೈಬ್ರರಿ ತೆಗೆದಿದೆಯಾ, ಪಾರ್ಕಿನಲ್ಲಿ ಯಾರಿದ್ದಾರೆ, ನೆರಳು ಎಲ್ಲಿ ಬೀಳುತ್ತದೆ, ಯಾವ ಬೆಂಚು ಖಾಲಿ ಇದೆ, ಎಲ್ಲ ನೋಡಿಕೊಂಡು ಬನ್ನಿ. ಅದೇ ದಿನ ಸಂಜೆ ಐದೂವರೆಗೆ ಇನ್ನೊಮ್ಮೆ ಹೋಗಿ ನೋಡಿ. ಬೆಳಿಗ್ಗೆ ಇದ್ದವರೇ ಬೇರೆ, ಸಂಜೆ ಇರುವವರೇ ಬೇರೆ. ಮುಂದಿನ ತಿಂಗಳು ಮತ್ತೊಂದು ಮಂಗಳವಾರ ಹೋಗಿ, ಅದೇ ಮುಖಗಳು ಕಾಣುತ್ತವಾ ನೋಡಿ.